ಹೆಸರಿನ ಜಾಗದಲ್ಲಿ ನುಸುಳಿದ ಆಜ್ಞೆ

ಊಟದ ಡಬ್ಬಿ ಮುಚ್ಚಿ ಕೈ ಒರೆಸಿಕೊಳ್ಳುತ್ತ ಅವಳು ಪರದೆಯತ್ತ ಕಣ್ಣು ಹಾಯಿಸಿದಳು. ಎದೆ ಧಸಕ್ಕೆಂದಿತು.

ಹತ್ತಾರು ಸಂಸ್ಥೆಗಳ ಸರ್ವರ್‌ಗಳನ್ನು ಆ ಪುಟ್ಟ ಕಚೇರಿಯಿಂದ ನೋಡಿಕೊಳ್ಳುವುದು ಅವಳ ಕೆಲಸ. ಅದಕ್ಕೆಂದೇ ಇರುವ ತಂತ್ರಾಂಶದಲ್ಲಿ, ಬಳಕೆದಾರರು ಹೆಸರು ಬರೆಯುವ ಜಾಗದಲ್ಲಿ, ಯಾರೋ ಒಂದು ಆಜ್ಞೆಯನ್ನು ತುರುಕಿದ್ದರು. ತಂತ್ರಾಂಶ ಅದನ್ನು ಹೆಸರೆಂದು ಓದದೆ, ತಲೆಬಾಗಿ ಪಾಲಿಸಿಬಿಟ್ಟಿತ್ತು. ಹೊಡೆತ ತಾಳಲಾರದೆ ಗಂಡಂದಿರನ್ನು ಬಿಟ್ಟು ಬಂದ ಹೆಂಗಸರ ಆಶ್ರಯಮನೆಯ ದಾಖಲೆಗಳಿದ್ದ ಸರ್ವರ್ ಅದು. ಆ ಮನೆ ಎಲ್ಲಿದೆಯೆಂದು ಹೊರಗಿನವರಿಗೆ ಗೊತ್ತಿರಲಿಲ್ಲ. ಆಜ್ಞೆ ಹುಡುಕಿದ್ದು ಒಬ್ಬಳೇ ಹೆಂಗಸಿನ ಹೆಸರನ್ನು, ಹೊರಗೆ ಕಳಿಸಿದ್ದು ಆ ಮನೆಯ ವಿಳಾಸವನ್ನು.

ಆ ದೋಷ ಸರಿಪಡಿಸುವ ಅಪ್‌ಡೇಟ್ ಬಂದು ಎಷ್ಟೋ ದಿನವಾಗಿತ್ತು. ಅವಳು ಕೇಳಿದಾಗಲೆಲ್ಲ ಮಾಲೀಕ, "ಸರ್ವರ್ ನಿಲ್ಲಿಸಿದ್ರೆ ಗಿರಾಕಿಗಳು ಬಾಯಿ ಮಾಡ್ತಾರೆ, ಆಮೇಲೆ ನೋಡೋಣ" ಎನ್ನುತ್ತಿದ್ದ.

ಈಗ ಪರದೆ ನೋಡಿ ಅವನ ಮುಖವೂ ಬಿಳಿಚಿಕೊಂಡಿತು. "ಅಪ್‌ಡೇಟ್ ಈಗಲೇ ಹಾಕ್ಬಿಡು. ಯಾರಿಗೂ ಹೇಳ್ಬೇಡ."

"ಅಲ್ಲಿ ಮಕ್ಕಳಿದ್ದಾರೆ ಸಾರ್."

"ನನಗೂ ಇದ್ದಾರೆ ಕಣಮ್ಮಾ. ಸುದ್ದಿ ಹೊರಗೆ ಬಿದ್ರೆ ಅಂಗಡಿ ಮುಚ್ಚಬೇಕು, ನಿನ್ನ ಕೆಲಸವೂ ಹೋಗುತ್ತೆ. ಯಾವನೋ ತರಲೆ ಆಟಕ್ಕೆ ಮಾಡಿರ್ತಾನೆ ಬಿಡು."

"ಆಟಕ್ಕೆ ಯಾರಾದ್ರೂ ಹೆಸರು ಹಿಡಿದು ಹುಡುಕ್ತಾರಾ?"

ಉತ್ತರಕ್ಕೆ ಕಾಯದೆ ಅವಳು ಮೆಟ್ಟಿಲ ಬಳಿ ಬಂದಳು. ಆಶ್ರಯಮನೆಗೆ ಫೋನ್ ಮಾಡಿದಳು. ಅದನ್ನು ನಡೆಸುವಾಕೆಯನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು.

"ಚಿಕ್ಕಮ್ಮ, ನಿಮ್ಮ ವಿಳಾಸ ಯಾರದೋ ಕೈಗೆ ಸಿಕ್ಕಿದೆ. ನಮ್ಮ ಕಡೆಯಿಂದಲೇ ಹೋಗಿದೆ." ಅವಳು ಆ ಹೆಂಗಸಿನ ಹೆಸರನ್ನೂ ಹೇಳಿದಳು.

ಆ ಕಡೆ ಮಗುವೊಂದು ಕಿಲಕಿಲ ನಗುತ್ತಿತ್ತು.

"ಯಾವಾಗ?"

"ಬೆಳಿಗ್ಗೆ."

ಚಿಕ್ಕಮ್ಮ ಬೈಯಲಿಲ್ಲ. "ಎಲ್ರೂ ಚಪ್ಪಲಿ ಹಾಕ್ಕೊಳ್ರೇ! ಹಾಗೇ ಹೊರಡಿ!" ಎಂದು ಕೂಗಿದ್ದು ಕೇಳಿಸಿತು. ಫೋನ್ ಕಟ್ ಆಯಿತು.

ಅವಳು ಒಳಗೆ ಬಂದು ಅಪ್‌ಡೇಟ್ ಹಾಕಲು ಕೂತಳು. ಬೀದಿಯಲ್ಲಿ ಗಾಡಿಯ ಬಾಗಿಲು ಬಡಿದರೂ ಬೆಚ್ಚಿಬೀಳುತ್ತಿದ್ದಳು.

ಸಂಜೆ ಫೋನ್ ಬಂತು. ಮಾಲೀಕನಿಗೂ ಕೇಳಿಸಲೆಂದು ಅವಳು ಅದನ್ನು ಸ್ಪೀಕರಿಗೆ ಹಾಕಿದಳು.

"ಎಲ್ರೂ ಬೇರೆ ಕಡೆ ಸೇರ್ಕೊಂಡ್ವಿ," ಚಿಕ್ಕಮ್ಮನ ದನಿ ಒಡೆದಿತ್ತು. "ನೀನು ಹೆಸರು ಹೇಳಿದೆಯಲ್ಲ, ಅವಳ ಗಂಡ ಬಂದಿದ್ದನಂತೆ. ಕೊಡಲಿ ತಂದಿದ್ದ. ಬಾಗಿಲು ಒಡೆದು ಖಾಲಿ ಮನೆಯೆಲ್ಲ ಹುಡುಕಿದ್ದಾನೆ. ಪಕ್ಕದವರು ಪೊಲೀಸರನ್ನ ಕರೆದು ಹಿಡಿಸಿದ್ರು."

ಮಾಲೀಕ ಅಂಗೈಗಳಲ್ಲಿ ಮುಖ ಒತ್ತಿಕೊಂಡ. ಅದೇ ತಂತ್ರಾಂಶದ ಮೇಲೆ ಇನ್ನೂ ಎಷ್ಟೋ ಸಂಸ್ಥೆಗಳು ನಡೆಯುತ್ತಿದ್ದವು. ಅವಳು ಕೇಳುವ ಮೊದಲೇ ಅವನೇ ಫೋನ್ ಎತ್ತಿಕೊಂಡು ಇನ್ನೊಬ್ಬ ಗಿರಾಕಿಗೆ ಕರೆ ಮಾಡಿದ.

"ನಮ್ಮಿಂದ ಒಂದು ತಪ್ಪಾಗಿದೆ. ಆಮೇಲೆ ಎಷ್ಟಾದ್ರೂ ಬೈಯಿರಿ, ಮೊದಲು ಕೇಳಿಸ್ಕೊಳ್ಳಿ..."