ಬೆರಳಿನ ಅಳತೆ

ರುಕ್ನೆದ್ದೀನ್ ರೆಕ್ಕೆ ಕಟ್ಟಿಕೊಂಡು ಗಲಾಟಾದ ಗೋಪುರದಿಂದ ಹಾರಿ ಜಲಸಂಧಿಯ ಆಚೆ ದಡದಲ್ಲಿ ಇಳಿದ ಮೂರನೆಯ ದಿನ ಅರಮನೆಯ ಅಪ್ಪಣೆ ಬಂತು. ಶುಕ್ರವಾರದ ಹಡಗಿನಲ್ಲಿ ಅವನು ಸಮುದ್ರದಾಚೆಯ ಅಲ್ಜೀರಿಗೆ ಹೊರಡಬೇಕು; ಮರಳಿ ಬರುವಂತಿಲ್ಲ. ಕೋಟೆಗೋಡೆ ದಾಟಿ ಹಾರಬಲ್ಲವನು ನಗರದಲ್ಲಿರುವುದು ಕ್ಷೇಮವಲ್ಲವಂತೆ.

ಅವನ ಅಕ್ಕ ಗುಲ್ನಿಹಾಲ್ ನಮ್ಮ ಓಣಿಯಲ್ಲಿ ರಜಾಯಿ ಹೊಲಿಯುತ್ತಿದ್ದಳು. ತಬ್ಬಲಿ ತಮ್ಮನನ್ನು ಸಾಕಿದವಳು ಅವಳೇ. ಅವನು ಗಡಿಯಾರ, ನಕ್ಷತ್ರ, ಔಷಧಿ ಎಂದು ಎಲ್ಲದರ ಬೆನ್ನು ಹತ್ತಿದಾಗಲೂ ತಡೆದವಳಲ್ಲ. ಅವನು ತಾನೇ ಹೊಲಿದ ಎರಡು ಜೊತೆ ರೆಕ್ಕೆಗಳು ಗಾಳಿಗೆ ಹರಿದ ಮೇಲೆ ಮೂರನೆಯ ಜೊತೆಗೆ ಸೂಜಿ ಹಿಡಿದವಳೂ ಅವಳೇ.

"ನಿನ್ನ ತಮ್ಮ ಮೊಟ್ಟೆ ಯಾವಾಗ ಇಡ್ತಾನೆ?" ಎಂದು ಪಕ್ಕದ ಮನೆಯವಳು ಕೇಳಿದರೆ, "ನಿನ್ನ ಗಂಡ ಹುಂಜದ ಹಾಗೆ ಕೂಗೋದು ನಿಲ್ಸಿದ ಮೇಲೆ" ಎನ್ನುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ರುಕ್ನೆದ್ದೀನ್ ಗುರುಗಳ ಕೈಗೆ ಮುತ್ತಿಟ್ಟು ಬೀಳ್ಕೊಳ್ಳಲು ಹೋಗಿದ್ದಾಗ ಗುಲ್ನಿಹಾಲ್ ರೆಕ್ಕೆಗಳ ಹೊಲಿಗೆ ಬಿಚ್ಚಿ, ಬಟ್ಟೆ, ಕಡ್ಡಿ ಎಲ್ಲವನ್ನೂ ಒಲೆಗೆ ಹಾಕಿದಳು. ರೆಕ್ಕೆಯೇ ಇಲ್ಲದಿದ್ದರೆ ಅರಮನೆಗೆ ಭಯವೆಲ್ಲಿಯದು?

ಕರೆದೊಯ್ಯಲು ಬಂದ ಮುದಿ ಸಿಪಾಯಿಗೆ ಬೂದಿ ತೋರಿಸಿದಳು. "ನೋಡಪ್ಪಾ, ಇನ್ನು ಅವನೂ ನಮ್ಮ ನಿಮ್ಮ ಹಾಗೇ ನೆಲದ ಮೇಲೆ ನಡೆಯೋನು. ಹೋಗಿ ಹೇಳು."

"ಅಪ್ಪಣೆ ಆಗಿರೋದು ಅವನಿಗೆ ತಾಯಿ, ರೆಕ್ಕೆಗಲ್ಲ." ಅವನು ಒಲೆಯನ್ನೇ ನೋಡುತ್ತಿದ್ದ. "ಅದನ್ನ ಜೊತೇಲಿ ಒಯ್ಯಬಹುದು ಅಂತ ಹಡಗಿನ ಕಪ್ತಾನನ್ನ ಒಪ್ಪಿಸಿ ಬಂದಿದ್ದೆ."

ಮನೆಗೆ ಬಂದ ರುಕ್ನೆದ್ದೀನ್ ಬೂದಿ ನೋಡಿದ, ಬೈಯಲಿಲ್ಲ. ಕಡ್ಡಿಗಳ ಉದ್ದ, ತೂಕ, ಗಾಳಿಯ ಲೆಕ್ಕ ಎಲ್ಲವೂ ಅವನ ಕಾಗದಗಳಲ್ಲಿದ್ದವು. ಹೊಲಿಗೆಯ ಅಳತೆಯೊಂದು ಮಾತ್ರ ಇರಲಿಲ್ಲ.

"ಅಕ್ಕಾ, ಒಂದು ಸಾಲಿಂದ ಇನ್ನೊಂದಕ್ಕೆ ಎಷ್ಟು ಬಿಟ್ಟಿದ್ದೆ?"

"ನಂಗೇನು ಗೊತ್ತೋ? ಬೆರಳಿಟ್ಟು ಹೊಲೀತಿದ್ದೆ."

ಅವನು ಅವಳ ಉಂಡೆಯಿಂದ ಹತ್ತಿಯ ನೂಲು ಎಳೆದು, ಅವಳ ತೋರುಬೆರಳ ಮೇಲಿಟ್ಟು, ಗೆಣ್ಣುಗೆಣ್ಣಿಗೂ ಒಂದೊಂದು ಗಂಟು ಹಾಕಿದ. ಆ ನೂಲನ್ನು ಮಣಿಕಟ್ಟಿಗೆ ಸುತ್ತಿಕೊಂಡ.

ಅವನು ಸಿಪಾಯಿಯ ಜೊತೆ ಓಣಿಯ ತಿರುವು ದಾಟುತ್ತಲೇ ಗುಲ್ನಿಹಾಲ್ ವಾಡಿಕೆಯಂತೆ ಅವನ ಹಿಂದೆ ಒಂದು ಬಿಂದಿಗೆ ನೀರು ಚೆಲ್ಲಿದಳು, ನೀರಿನ ಹಾಗೆ ಹೋಗಿ ನೀರಿನ ಹಾಗೆ ಬರಲೆಂದು. ಒಳಗೆ ಬಂದು ಒಲೆಯ ಬೂದಿಯನ್ನೆಲ್ಲ ಬಾಚಿದ ಮೇಲೆ, ತೊಯ್ದ ತೋಳಿನ ಬಟ್ಟೆ ಹಿಂಡುವಾಗ ಅವಳಿಗೆ ಥಟ್ಟನೆ ಹೊಳೆಯಿತು. ಅವನು ಕೈಗೆ ಸುತ್ತಿಕೊಂಡದ್ದು ನೆನೆಸದ ನೂಲು. ನೀರು ತಾಗಿದರೆ ಕುಗ್ಗುತ್ತದೆ, ಅಳತೆ ಕಿರಿದಾಗುತ್ತದೆ. ರಜಾಯಿ ಹೊಲಿಯುವವರು ಯಾರೂ ನೆನೆಸಿ ಒಣಗಿಸದೆ ಅದನ್ನು ಮುಟ್ಟುವುದಿಲ್ಲ.

ಅವಳು ಹಡಗುಕಟ್ಟೆಗೆ ಓಡಿದಳು. ಹಡಗು ಆಗಲೇ ದಡ ಬಿಟ್ಟಿತ್ತು.

"ನೂಲು ನೆನೆಸಿಲ್ಲ ಕಣೋ! ಸ್ವಲ್ಪ ಜಾಸ್ತಿ ಹಿಡಿ!"

ಅವನು ನೂಲು ಸುತ್ತಿದ ಕೈಯೆತ್ತಿ ಬೀಸಿದ. ಅಕ್ಕ ವಿದಾಯ ಹೇಳುತ್ತಿದ್ದಾಳೆಂದುಕೊಂಡಿರಬೇಕು.