ಅಂಟಿನೊಳಗಿನ ಬಿರುಕು

ಸುಟ್ಟ ವಾಸನೆ, ಬೀಡಿಯದಲ್ಲ, ಡೀಸೆಲ್ಲಿನದೂ ಅಲ್ಲ, ಬಿಸಿಯಾದ ಬ್ರೇಕ್ ಲೈನಿಂಗಿನದು, ಸತ್ಯಮಂಗಲದ ನಮ್ಮ ಮಾವನ ಬ್ರೇಕ್ ಶೂ ಮಾಡೋ ಶೆಡ್ಡಿನಲ್ಲಿ ದಿನವೂ ಕುಡಿಯುವ ವಾಸನೆ ಈ ಕುಣಿಗಲ್ ಬಸ್ಸಿನಲ್ಲಿ ಯಾಕೆ, ಹೆಬ್ಬೂರಿನಲ್ಲಿ ಹತ್ತಿದವರೆಲ್ಲ ಬಾನೆಟ್ಟಿನ ತನಕ ಒತ್ತಿಕೊಂಡು ನಿಂತಿದ್ದಾರೆ, ಕಾಲು ಅಲ್ಲಾಡಿಸೋಕೆ ಜಾಗವಿಲ್ಲ, ಮಗಳ ಬಾಣಂತನಕ್ಕೆ ಹೊರಟ ಪಕ್ಕದ ಅಜ್ಜಿ ಕುಕ್ಕೆಯನ್ನು ಅರ್ಧ ನನ್ನ ತೊಡೆಯ ಮೇಲೇ ಇಟ್ಟು, ವಸಿ ಸರ್ಕೊಳವ್ವ, ಎಲ್ಲಿಗೆ ಸರಿಯಲಿ — ಡ್ರೈವರ್ ರಂಗಣ್ಣ ಕನ್ನಡಿಯಲ್ಲಿ ಗುರುತು ಹಿಡಿದು, ಮೂಡಲಗಿರಿಯಪ್ಪನೋರ ಅಕ್ಕನ ಮಗಳಲ್ವೇನಮ್ಮ, ನಿಮ್ಮ ಮಾವನೋರ ಬ್ರೇಕ್ ಶೂನೇ ಹಾಕ್ಸಿದೀವಿ ಈ ಗಾಡಿಗೆ, ಹೊಸಾವು, ರಿವೆಟ್ಟೇ ಇಲ್ಲ, ಬರೀ ಅಂಟು. ಬರೀ ಅಂಟು. ಶೂವಿನ ಕಬ್ಬಿಣಕ್ಕೂ ಅದಕ್ಕೆ ಅಂಟಿಸಿದ ಲೈನಿಂಗಿಗೂ ನಡುವೆ ಕೂದಲೆಳೆಯ ಬಿರುಕು, ಶೆಡ್ಡಿನಲ್ಲಿ ನಾನೇ ಲೆನ್ಸಿಟ್ಟು ನೋಡಿದ್ದು, ಒಂದೇ ಲೋಹದ ಬಿರುಕಾದರೆ ಲೆಕ್ಕ ಸುಲಭ, ಇವು ಎರಡು ಜಾತಿ, ಒಂದು ಗಡಸು ಒಂದು ಮೆದು, ಬಿರುಕಿನ ತುದಿಯಲ್ಲಿ ಬಾಯಿ ತೆರೆಯೋ ಎಳೆತವೂ ಪಕ್ಕಕ್ಕೆ ಜಾರೋ ಎಳೆತವೂ ಹೆಣೆದುಕೊಂಡೇ ಬರುತ್ತವೆ, ಬಿಡಿಸಲಾಗದು, ಬೆಂಗಳೂರಿನ ಕಂಪ್ಯೂಟರಿಗೆ ಪಂಚ್ ಕಾರ್ಡಿನ ಕಟ್ಟು ಹೊತ್ತು ಎಷ್ಟು ಸಲ ಹೋದೆ, ಕೊನೆಗೆ ಬಂದ ಉತ್ತರ, ಲೈನಿಂಗ್ ಕಾದಾಗ ಜೋರಾಗಿ ಒತ್ತಿದರೆ ಬಿರುಕು ನಿಲ್ಲುವುದಿಲ್ಲ, ಅಂಟಿನುದ್ದಕ್ಕೂ ಓಡುತ್ತದೆ. ಮಾವನಿಗೆ ಹೇಳಿದೆ, ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿ ಎಂ.ಇ. ತನಕ ಓದಿಸಿದ ಮಾವ, ಟೀ ಲೋಟ ಕೆಳಗಿಟ್ಟು, ಲೆಕ್ಕ ಲೆಕ್ಕದಲ್ಲಿರಲಿ ಬುಡು ವನಜಾ, ಒಂದಾದ್ರೂ ಬಿಚ್ಕೊಂಡೈತಾ, ಇದು ಹೊರಗೆ ಬಿದ್ರೆ ಶೆಡ್ಡಿಗೆ ಬೀಗ ಕಣವ್ವ, ಆಮೇಲೆ ನನ್ನ ಮುಖ ನೋಡಿ, ಆಯ್ತು, ಆ ಮಾಲು ಕಳಿಸಲ್ಲ ಅಂದಿದ್ದರಲ್ಲ — ಕಳಿಸಿದ್ದಾರೆ, ನನ್ನ ಕಾಲ ಕೆಳಗೇ ಕಾಯುತ್ತಿದೆ, ಮುಂದೆ ಇಳಿಜಾರು, ಇಳಿಜಾರಿನ ಕೊನೆಗೆ ಕೆರೆ ಏರಿ, ಹೇಳಿದರೆ ಮಾವ, ಹೇಳದಿದ್ದರೆ ಈ ಅಜ್ಜಿ, ಈ ಬಸ್ಸು ತುಂಬ ಜನ, ರಂಗಣ್ಣ ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲಿಗಿಟ್ಟ, ಒತ್ತಿದ, ಬಿಟ್ಟ, ಮತ್ತೆ ಒತ್ತಿದ — ರಂಗಣ್ಣ, ಬ್ರೇಕ್ ನಂಬಬೇಡಿ, ಗೇರಿನಲ್ಲೇ ನಿಲ್ಲಿಸಿ, ನನ್ನದೇ ದನಿಯಾ ಇದು, ಏನಂದ್ರಮ್ಮ, ಶೂ ಸರಿಯಿಲ್ಲ, ಅಂಟು ಬಿಡುತ್ತೆ, ನಾನೇ ಲೆಕ್ಕ ಹಾಕಿದೀನಿ, ಗೇರು ಕಿರುಗುಟ್ಟಿ ಇಳಿಯಿತು, ಇನ್ನೊಂದು ಇಳಿಯಿತು, ಎಂಜಿನ್ ನರಳಿ ನರಳಿ ಏರಿಯ ಕಲ್ಲುಗಳ ಈಚೆಗೆ ನಿಂತಿತು, ಕಂಡಕ್ಟರ್ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ. ಎರಡನೇ ಸಲಕ್ಕೇ ಹಿಡೀಲಿಲ್ಲ ಕಣಮ್ಮ, ರಂಗಣ್ಣ ಅನ್ನುತ್ತಾನೆ, ಜನ ಇಳಿಯುತ್ತಿದ್ದಾರೆ, ಯಾರ ಮಾಲವ್ವ ಅದು, ಅಜ್ಜಿ ಕೇಳುತ್ತಾಳೆ, ನಮ್ಮದು ಅಂದೆ, ಸಂಜೆ ಮಾವನ ಮುಂದೆ ಹೇಗೆ ನಿಲ್ಲಲಿ, ಇಳಿಯಬೇಕು, ಏಳಲಾಗುತ್ತಿಲ್ಲ, ಬಸ್ಸು ನಿಂತಿದೆ, ರಂಗಣ್ಣನ ಬರಿಗಾಲು ಇನ್ನೂ ಪೆಡಲನ್ನು ನೆಲಕ್ಕೆ ಒತ್ತಿಕೊಂಡೇ ಇದೆ, ಬೆರಳುಗಳು ಬಿಳಿಚಿವೆ, ಆ ಕಾಲು, ಒತ್ತಿಕೊಂಡೇ ಇದೆ —