ಬೆನ್ನಿನ ಫೋಟೋದವರು

ಕ್ಯಾಮೆರಾ ಕಣ್ಣಿಗೇರಿಸಿದ್ದೇ ತಡ, ರಸ್ತೆಯ ಆಚೆ ಬದಿಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಹೆಂಗಸು ಸ್ಟೂಲಿನ ಮೇಲೆ ಕೂತಲ್ಲೇ ತಿರುಗಿ ಬೆನ್ನು ಹಾಕಿದಳು. ಪಕ್ಕದ ವಾಚ್ ರಿಪೇರಿಯವನೂ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯ ಸಮೇತ ಗೋಡೆಯ ಕಡೆ ತಿರುಗಿದ. ಪೇಪರ್ ಮಾರುವವನಂತೂ ಎದ್ದು ನಿಂತು, ಅಂಗಿ ಎಳೆದು ಸರಿಮಾಡಿಕೊಂಡು ತಿರುಗಿದ. ಎಕ್ಸ್‌ರೇಯವರು ಅಂಚೆ ಡಬ್ಬದ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡಿದರು. ಇವತ್ತು ಒಂದು ಮುಖವಾದರೂ ಸಿಗದೆ ವಾಪಸ್ ಹೋಗುವುದಿಲ್ಲ ಎಂದು ಮನೆಗೆ ಬೀಗ ಹಾಕುವಾಗಲೇ ಶಪಥ ಮಾಡಿದ್ದರು. ಶಪಥ ಐದು ನಿಮಿಷವೂ ಬಾಳಲಿಲ್ಲ. ಬಂದ ತಪ್ಪಿಗೆ ಎಂಬಂತೆ ಮೂರು ಬೆನ್ನುಗಳನ್ನು ಕ್ಲಿಕ್ಕಿಸಿದರು.

ದೊಡ್ಡಾಸ್ಪತ್ರೆಯಲ್ಲಿ ಮೂವತ್ತಮೂರು ವರ್ಷ ಎಕ್ಸ್‌ರೇ ತೆಗೆದು ನಿವೃತ್ತರಾದವರು ಅವರು. ಆ ಕೆಲಸವೇ ಹೆಸರಾಗಿ ಅಂಟಿಕೊಂಡಿತ್ತು. ಅಲ್ಲಿಗೆ ಬಂದವರು ಎದೆಯನ್ನು ಹಲಗೆಗೆ ಒತ್ತಿ, ಗದ್ದ ಮೇಲೆತ್ತಿ ನಿಲ್ಲಬೇಕು. ತೆಗೆಯುವವರಿಗೆ ಕಾಣುವುದು ಬೆನ್ನು ಮಾತ್ರ. ಆಮೇಲೆ ಮುಂದಿನವರು. ಜನರ ಪಕ್ಕೆಲುಬು ಎಣಿಸುತ್ತಿದ್ದರೇ ಹೊರತು ಒಂದು ಮುಖವನ್ನೂ ಗುರುತಿಟ್ಟುಕೊಂಡವರಲ್ಲ. ಮದುವೆ ಇವತ್ತು ನಾಳೆ ಎನ್ನುತ್ತಲೇ ವಯಸ್ಸು ದಾಟಿತ್ತು. ನಿವೃತ್ತಿಯಾದ ಮೇಲೆ ಮಾತಾಡಲು ಮನೆಯ ಗೋಡೆ ಬಿಟ್ಟರೆ ಇನ್ಯಾರೂ ಉಳಿಯಲಿಲ್ಲ.

ಹಳೆಯ ಕ್ಯಾಮೆರಾ ಒಂದನ್ನು ಕೊಂಡದ್ದು ಅದಕ್ಕೇ. ಕೈಯಲ್ಲೊಂದು ಯಂತ್ರವಿದ್ದರೆ ಜನರ ನಡುವೆ ನಿಲ್ಲಲು ನೆಪವಾಗುತ್ತದೆ. ಬೀದಿಯ ಫೋಟೋ ತೆಗೆಯುವುದು ಹೇಗೆಂದು ಹೇಳುವ ಪುಸ್ತಕವನ್ನೂ ತಂದರು. ಜನರ ಹತ್ತಿರ ಹೋಗಿ, ನಕ್ಕು, ಕೇಳಿ ಎಂದು ಅದರಲ್ಲಿ ಬರೆದಿತ್ತು. ಹತ್ತಿರ ಹೋಗುವುದು, ನಗುವುದು, ಕೇಳುವುದು ಮೂರೂ ಅವರಿಗೆ ಬಾರದ ವಿದ್ಯೆ. ಹಾಗಾಗಿ ಮೊದಮೊದಲು ಹಿಂದಿನಿಂದಲೇ ತೆಗೆದರು. ಆಮೇಲೆ ಮುಖ ಬೇಕೆನಿಸಿ ಕ್ಯಾಮೆರಾ ಎತ್ತಿದರೆ, ಈ ಮೂಲೆಯವರು ಹೀಗೆ ತಿರುಗತೊಡಗಿದರು. ನಾಲ್ಕು ತಿಂಗಳಿಂದ ಇದೇ ಕತೆ. ಮುಖ ಕೊಟ್ಟು ಮಾತಾಡದ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಬೀದಿಗೆ ಬೀದಿಯೇ ತಮ್ಮನ್ನು ಕಂಡು ಮುಖ ತಿರುಗಿಸುವಂಥ ತಪ್ಪು ತಾವೇನು ಮಾಡಿದೆವೆಂದು ಅವರಿಗೆ ತಿಳಿಯಲಿಲ್ಲ. ನೋವಾಗುತ್ತಿತ್ತು. ಆದರೂ ಬರುತ್ತಿದ್ದರು, ಬೇರೆಲ್ಲಿಗೆ ಹೋಗುವುದು?

ಕಳೆದ ವಾರವೆಲ್ಲ ಜ್ವರದಲ್ಲಿ ಮಲಗಿದ್ದರು. ಬಾಗಿಲು ತಟ್ಟಿದವರಿಲ್ಲ. ನಿನ್ನೆ ತಂಗಿ ಫೋನ್ ಮಾಡಿದ್ದಳು.

"ಅಣ್ಣ, ನೀನು ಕಳಿಸಿದ್ದೆಲ್ಲ ನೋಡ್ದೆ. ನಿಮ್ಮೂರಿನ ಜನಕ್ಕೆ ಮುಖಾನೇ ಇಲ್ವಾ?"

"ಬೆಳಕು ಹಾಗಿತ್ತು ಕಣೆ."

"ಬೆಳಕಿನ ಮೇಲೆ ಯಾಕೆ ಹಾಕ್ತೀಯ? ನೀನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ, ಅಷ್ಟೇ. ಒಂದೇ ಒಂದು ಮುಖ ಕಳಿಸು, ನೋಡೋಣ."

ಆ ಮಾತು ಚುಚ್ಚಿದ್ದಕ್ಕೇ ಇವತ್ತಿನ ಶಪಥ. ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದಾಗ ಕೊಡೆಯಕ್ಕ ಹೆಗಲ ಮೇಲಿಂದ ಇಣುಕಿ ಕೂಗಿದಳು.

"ತೆಗೆದಾಯ್ತಾ ಸರ್? ಹಾಗಿದ್ರೆ ಒಂದ್ನಿಮಿಷ ಇಲ್ಲಿ ಬನ್ನಿ."

ಎಕ್ಸ್‌ರೇಯವರು ತಮ್ಮ ಹಿಂದೆ ಯಾರಿದ್ದಾರೆಂದು ನೋಡಿದರು.

"ನಿಮ್ಮನ್ನೇ ಕರೆದಿದ್ದು. ಬೆನ್ನಿನ ಫೋಟೋದವ್ರೇ."

ಬೈಯಲು ಕರೆದಿದ್ದಾಳೆ ಎನ್ನುವುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ರಸ್ತೆ ದಾಟುವಷ್ಟರಲ್ಲಿ ಕ್ಷಮಾಪಣೆ ನಾಲಿಗೆಯ ತುದಿಗೆ ಬಂದಿತ್ತು.

"ತಪ್ಪಾಯ್ತಮ್ಮ. ಇನ್ಮೇಲೆ ಈ ಕಡೆ ಬರಲ್ಲ."

"ಅಯ್ಯೋ, ಯಾಕೆ ಬರಲ್ಲ? ಎಂಟು ದಿನದಿಂದ ನಿಮ್ಮನ್ನೇ ಕಾಯ್ತಿದ್ದೀವಿ. ಕೂತ್ಕೊಳ್ಳಿ." ಪಕ್ಕದ ಖಾಲಿ ಸ್ಟೂಲನ್ನು ಬಟ್ಟೆಯಿಂದ ಒರೆಸಿದಳು. ಅದು ಬೀಗದ ಕೈ ಮಾಡಿಕೊಡುತ್ತಿದ್ದ ಬೀಗದಜ್ಜನ ಸ್ಟೂಲು. ಅಜ್ಜ ಇಲ್ಲದ್ದನ್ನು ಎಕ್ಸ್‌ರೇಯವರು ಆಗಷ್ಟೇ ಗಮನಿಸಿದರು.

"ಅಜ್ಜ ಹೋಗ್ಬಿಟ್ರು. ನಿದ್ದೇಲೇ." ಕೊಡೆಯಕ್ಕ ಮೊಣಕಾಲ ಮೇಲಿದ್ದ ಕಡ್ಡಿಯೊಂದನ್ನು ನೇರ ಮಾಡುತ್ತ ಹೇಳಿದಳು. "ಮಗಳು ಹಡಗಲ್ಲಿ ಅಡುಗೆ ಕೆಲಸ ಮಾಡ್ತಾಳೆ. ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಅಪ್ಪನ ಮುಖ ನೋಡೋಕೂ ಸಿಗಲಿಲ್ಲ ಅವಳಿಗೆ. ಈಚಿನ ಫೋಟೋ ಒಂದಾದ್ರೂ ಇದ್ಯಾ ಅಂತ ಕೇಳಿದ್ಲು. ನಾನೇ ಹೇಳ್ದೆ, ಅಳಬೇಡಮ್ಮ, ದಿನಾ ಒಬ್ರು ಬಂದು ತೆಗೀತಿದ್ರು ಅಂತ. ಬೆನ್ನಿನವೇ ಜಾಸ್ತಿ ಇರ್ಬಹುದು, ಆದ್ರೂ ಅಷ್ಟರಲ್ಲಿ ಮುಖದ್ದು ಒಂದಾದ್ರೂ ಇದ್ದೇ ಇರತ್ತಲ್ಲ?"

ಎಕ್ಸ್‌ರೇಯವರು ಕ್ಯಾಮೆರಾದ ಪುಟ್ಟ ತೆರೆಯಲ್ಲಿ ಫೋಟೋಗಳನ್ನು ತೆರೆದು ಅವಳ ಕೈಗಿತ್ತರು. ಅಜ್ಜನವು ನಲವತ್ತೊಂದಿದ್ದವು. ಬಗ್ಗಿ ಬೀಗದ ಕೈಗೆ ಅರ ಉಜ್ಜುತ್ತಿರುವ ಅಜ್ಜ, ಗೋಡೆಗೆ ಮುಖ ಮಾಡಿ ನಿಂತ ಅಜ್ಜ, ಇಸ್ತ್ರಿ ಮಾಡಿದ ಕಾಲರಿನ ಅಜ್ಜ, ನೀರು ಹಚ್ಚಿ ಬಾಚಿದ ಹಿಂದಲೆಯ ಅಜ್ಜ. ಕೊಡೆಯಕ್ಕ ಒಂದೊಂದನ್ನೇ ದಾಟಿಸುತ್ತ ಹೋದಳು.

"ಇದಾದ್ಮೇಲೆ?"

"ಅದೇ ಕೊನೇದು."

ಅವಳು ಕ್ಯಾಮೆರಾ ವಾಪಸ್ ಕೊಟ್ಟಳು. ಎಕ್ಸ್‌ರೇಯವರು ಅದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. "ನೀವೆಲ್ಲ ನನ್ನ ಕಂಡ್ರೆ ಯಾಕಮ್ಮ ತಿರುಗ್ತಿದ್ರಿ?"

"ನಿಮಗೋಸ್ಕರಾನೇ." ಅವಳಿಗೆ ಆಶ್ಚರ್ಯವಾಯಿತು. "ಅಜ್ಜ ಒಂದಿನ ನಿಮ್ಮ ಹಿಂದೆ ನಿಂತು ಕ್ಯಾಮೆರಾದೊಳಗೆ ಇಣುಕಿದ್ರಂತೆ. ಬರೀ ಬೆನ್ನು. ಬಂದು ಹೇಳಿದ್ರು, 'ಅವರಿಗೆ ಬೆನ್ನೇ ಬೇಕು ಕಣ್ರೋ, ಏನೋ ಸಂಶೋಧನೆ ಇರ್ಬೇಕು. ಕ್ಯಾಮೆರಾ ಎತ್ತಿದ ಕೂಡ್ಲೇ ತಿರುಗಿ, ಪಾಪ, ಬಿಸಿಲಲ್ಲಿ ಕಾಯಿಸ್ಬೇಡಿ' ಅಂತ. ಎಲ್ಲರಿಗಿಂತ ಮೊದಲು ಅವರೇ ತಿರುಗೋರು. ಹಿಂದಿನ ಕೂದಲು ಸರಿಯಾಗಿದ್ಯಾ ನೋಡು ಅಂತ ನನ್ನ ಕೇಳೋರು."

"ನಾನು ನಿಮಗೆಲ್ಲ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ."

"ಕೇಳಬಹುದಿತ್ತಲ್ಲ ಸರ್."

"ಕೇಳಬಹುದಿತ್ತು."

ನಾಲ್ಕು ತಿಂಗಳು ಒಬ್ಬ ಮುದುಕ ತಮಗಾಗಿ ತಲೆ ಬಾಚಿಕೊಂಡು ಬಂದಿದ್ದ. ತಾವು ಅದನ್ನು ತಿರಸ್ಕಾರವೆಂದು ತಿಳಿದು ಮನೆಗೆ ಹೋಗಿ ಒಬ್ಬರೇ ಕೊರಗಿದ್ದರು. ರಸ್ತೆ ದಾಟಿ ಒಂದು ಮಾತು ಕೇಳಿದ್ದರೆ ಆ ಹುಡುಗಿಗೆ ಅಪ್ಪನ ಮುಖ ಸಿಗುತ್ತಿತ್ತು. ಅವರು ಅಜ್ಜನ ಸ್ಟೂಲಿನಿಂದ ಎದ್ದುಬಿಟ್ಟರು.

ಕೊಡೆಯಕ್ಕ ಕಡ್ಡಿ ಕೆಳಗಿಟ್ಟು, ತೋಳಿನಿಂದ ಮುಖ ಒರೆಸಿಕೊಂಡು ನೇರ ಕೂತಳು.

"ಅಜ್ಜಂದು ಆಗಿಹೋಯ್ತು. ನಂದಾದ್ರೂ ತೆಗೀರಿ, ಈ ಕಡೆಯಿಂದ. ನಾಳೆ ಯಾರಾದ್ರೂ ಕೇಳಿದ್ರೆ ಇರಲಿ." ಆಮೇಲೆ ಪಕ್ಕಕ್ಕೆ ಹೇಳಿದಳು, "ಏಯ್, ತಿರುಗ್ರೋ. ಅವರಿಗೆ ಬೇಕಾಗಿದ್ದು ಮುಖ ಅಂತೆ."

ವಾಚಿನವನು ಭೂತಗನ್ನಡಿ ತೆಗೆದ. ಪೇಪರಿನವನು ಹತ್ತಿರ ಬಂದು ನಿಂತ. "ನಗಬೇಕಾ ಸರ್?"

"ನಿನ್ನ ನಗು ಯಾರಿಗೆ ಬೇಕು, ನೆಟ್ಟಗೆ ನಿಂತ್ಕೋ," ಎಂದಳು ಕೊಡೆಯಕ್ಕ.

ಮೂರು ಜನ ಒಟ್ಟಿಗೆ ತಮ್ಮನ್ನು ನೋಡಿ ಎಷ್ಟು ಕಾಲವಾಯಿತೋ ಎಕ್ಸ್‌ರೇಯವರಿಗೆ ನೆನಪಿರಲಿಲ್ಲ. ಕ್ಯಾಮೆರಾ ಎತ್ತಿದರು. ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ಇಷ್ಟು ವರ್ಷದ ಅಭ್ಯಾಸದ ಮಾತು.

"ಉಸಿರು ಹಿಡ್ಕೊಳ್ಳಿ," ಎಂದರು.

ಮೂವರೂ ಹಿಡಿದುಕೊಂಡರು. ಕ್ಲಿಕ್ ಎಂದಿತು. ಎಕ್ಸ್‌ರೇಯವರು ಕ್ಯಾಮೆರಾ ಇಳಿಸಿದರು, ತೆರೆಯ ಮೇಲೆ ಮೂಡಿದ ಮೂರು ಮುಖಗಳನ್ನೇ ನೋಡುತ್ತ ನಿಂತರು, 'ಉಸಿರು ಬಿಡಿ' ಎನ್ನುವುದೇ ಮರೆತುಹೋಯಿತು. ಬಸ್ಸೊಂದು ಹಾದುಹೋಯಿತು. ಮೂವರೂ ಕೆನ್ನೆ ಉಬ್ಬಿಸಿಕೊಂಡು, ಅವರ ಮುಖವನ್ನೇ ನೋಡುತ್ತ, ಮುಂದಿನ ಮಾತಿಗಾಗಿ ಕಾಯುತ್ತಿದ್ದರು.